ಟ್ರ್ಯಾಕ್ಟರ್ ಎಳೆಯುತ್ತಿಲ್ಲವೇ? ಇಂಜಿನ್ ಬಿಚ್ಚುವ ಮೊದಲು ಹೊಗೆ ನೋಡಿ

ದ್ರಾಕ್ಷಿಯ ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿದು ಇಪ್ಪತ್ತು ದಿನ ಆಗಿತ್ತು. ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ದ್ರಾಕ್ಷಿ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಳಗ್ಗೆಯೇ ಔಷಧಿ ಹೊಡೆಯಬೇಕು, ಇಲ್ಲದಿದ್ದರೆ ಡೌನಿ ಎಂಬ ಬೂಜು ರೋಗ ಬಂದು ಗೊನೆ ಕೈಗೆ ಸಿಗುವುದಿಲ್ಲ. ವಿಜಯಪುರದ ಟಿಕೋಟಾ ಕಡೆಯ ನಮ್ಮ ತೋಟದಲ್ಲಿ ಸಣ್ಣ ಟ್ರ್ಯಾಕ್ಟರ್, ಗಾಳಿಯಿಂದ ಔಷಧಿ ಚಿಮ್ಮಿಸುವ ಬ್ಲೋವರ್ ಕಟ್ಟಿಕೊಂಡು ಹೊರಟಿತು. ಮೊದಲ ಐದಾರು ಸಾಲು ಚೆನ್ನಾಗಿಯೇ ಹೋಯಿತು. ಏಳನೇ ಸಾಲಿನ ನಡುವೆ ಇಂಜಿನ್ ಸದ್ದು ಇಳಿಯಿತು. ಬ್ಲೋವರ್ ಗಾಳಿಯೂ ತಗ್ಗಿತು. ಔಷಧಿ ಎಲೆಯ ಹಿಂಬದಿಗೆ ಮುಟ್ಟದೆ ನೆಲಕ್ಕೇ ಸುರಿಯತೊಡಗಿತು. ನಿಲ್ಲಿಸಿ ಐದು ನಿಮಿಷ ಬಿಟ್ಟು ಚಾಲು ಮಾಡಿದರೆ ಮತ್ತೆ ಮೊದಲಿನ ಹಾಗೇ ಓಡಿತು. ಅರ್ಧ ತಾಸಿಗೆ ಮತ್ತೆ ಅದೇ ಗೋಳು.

"ಗಾಡಿ ಕುಂದ್ರಾಕ ಹತ್ತೈತ್ರಿ ಅಣ್ಣಾರ, ದಮ್ಮ ಇಲ್ಲ" ಅಂದ ಓಡಿಸುವ ಹುಡುಗ. ಕರೆಸಿದ ಮಿಸ್ತ್ರಿ ಎರಡು ಸಲ ರೇಸ್ ಕೊಟ್ಟು ಕೇಳಿಸಿಕೊಂಡು, "ಬೋರ್ ಹೋಗೇತ್ರಿ, ಇಂಜಿನ್ ಇಳಿಸಬೇಕು" ಅಂದರು. ಬೋರ್ ಹೋಗಿದೆ ಅಂದರೆ ಸಿಲಿಂಡರಿನ ಒಳಮೈ ಸವೆದಿದೆ ಅಂತ. ಪಕ್ಕದ ತೋಟದ ಕಾಕಾ ಮಾತ್ರ, "ತಡಿ ತಮ್ಮಾ, ಹೊಗಿ ಯಾವ ಬಣ್ಣದ್ದು ಬರತೈತಿ ನೋಡಿಯೇನು?" ಎಂದು ಕೇಳಿದರು. ನಾನು ನೋಡಿರಲಿಲ್ಲ. ಅವತ್ತು ಇಂಜಿನ್ ಇಳಿಸಲಿಲ್ಲ. ಕೊನೆಗೆ ಸಿಕ್ಕ ಕಾರಣ ಹೆಬ್ಬೆರಳಿನ ಉಗುರಿನಷ್ಟಿದ್ದ ಒಂದು ಚೂರು. ಅದು ಎಲ್ಲಿತ್ತು ಅಂತ ಮುಂದೆ ಹೇಳುತ್ತೇನೆ. ಕಾಕಾ ಕೇಳಿದ ಆ ಪ್ರಶ್ನೆ ನನಗೆ ತುಂಬಾ ಕಲಿಸಿತು. ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ವಿಜಯಪುರದ ದ್ರಾಕ್ಷಿ, ಇಂಡಿಯ ಲಿಂಬೆ, ಬಾಗಲಕೋಟೆಯ ದಾಳಿಂಬೆ ತೋಟಗಳಲ್ಲಿ ಈಗ 15ರಿಂದ 28 ಎಚ್‌ಪಿಯ ಸಣ್ಣ ಟ್ರ್ಯಾಕ್ಟರ್‌ಗಳು ಬಹಳ ಇವೆ. ಸಾಲಿನ ನಡುವೆ ದೊಡ್ಡ ಗಾಡಿ ಹಿಡಿಯುವುದಿಲ್ಲ. 50 ಎಚ್‌ಪಿ ಮೀರಿದ ಟ್ರ್ಯಾಕ್ಟರ್‌ಗಳಿಗೆ 2023ರ ಜನವರಿಯಿಂದ ಹೊಸ ಹೊಗೆ ನಿಯಮ ಬಂತು. ಅದರಿಂದ ದೊಡ್ಡ ಗಾಡಿಗಳಿಗೆ ಸೆನ್ಸರ್, ಕಂಪ್ಯೂಟರ್ ಬಂದವು. ನಮ್ಮ ಸಣ್ಣ ಗಾಡಿಗಳಲ್ಲಿ ಹೆಚ್ಚಿನವು ಇನ್ನೂ ಹಳೆಯ ರೀತಿಯ ಪಂಪು, ನೋಜಲ್‌ಗಳವೇ. ಹಾಗಾಗಿ ಕಣ್ಣು, ಕಿವಿ ಮತ್ತು ನಾಲ್ಕು ಪಾನಾ ಇದ್ದರೆ ತೊಂದರೆಯ ಬಹುಪಾಲನ್ನು ನಾವೇ ಹುಡುಕಬಹುದು.

ಖಾಲಿ ಓಡುವಾಗ ಎಲ್ಲಾ ಸರಿ, ಕೆಲಸಕ್ಕೆ ಹಚ್ಚಿದರೆ ಸುಸ್ತು

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಮನೆ ಮುಂದೆ ನಿಲ್ಲಿಸಿ ರೇಸ್ ಕೊಟ್ಟರೆ ಇಂಜಿನ್ ಭರ್ರೆಂದು ಏರುತ್ತದೆ. ಹೊಲಕ್ಕೆ ಇಳಿಸಿದರೆ ಕುಂದುತ್ತದೆ. ಹೀಗೇಕೆ?

ಇಂಜಿನ್ನಿಗೆ ಡೀಸೆಲ್ ಒತ್ತಿ ಕಳಿಸುವ ಪಂಪಿನೊಳಗೆ ಗವರ್ನರ್ ಅಂತ ಒಂದು ಭಾಗ ಇದೆ. ನಾವು ಹ್ಯಾಂಡಲ್ ಎಳೆದು ನೇರವಾಗಿ ಡೀಸೆಲ್ ಜಾಸ್ತಿ ಮಾಡುವುದಿಲ್ಲ. "ಇಷ್ಟು ಆರ್‌ಪಿಎಂ ಇರಲಿ" ಎಂದು ಗವರ್ನರ್‌ಗೆ ಹೇಳುತ್ತೇವೆ, ಅಷ್ಟೆ. ಉಳಿದದ್ದು ಅದರ ಕೆಲಸ. ಭಾರ ಬಿದ್ದು ಇಂಜಿನ್ ನಿಧಾನ ಆಯಿತೋ, ಅದು ಡೀಸೆಲ್ ಹೆಚ್ಚು ಬಿಡುತ್ತದೆ. ಭಾರ ಇಳಿಯಿತೋ, ಕಡಿಮೆ ಮಾಡುತ್ತದೆ. ನುರಿತ ಒಕ್ಕಲಿಗ ಏರು ಬಂದಾಗ ಎತ್ತಿಗೆ ದನಿ ಕೊಟ್ಟು, ಇಳಿಜಾರಿನಲ್ಲಿ ಸುಮ್ಮನಿರುವ ಹಾಗೆ.

18 ಎಚ್‌ಪಿ ಇಂಜಿನ್ ಪೂರ್ತಿ ಭಾರದಲ್ಲಿ ತಾಸಿಗೆ ಸುಮಾರು 4 ಲೀಟರ್ ಡೀಸೆಲ್ ಕುಡಿಯುತ್ತದೆ. ಸುಮ್ನೆ ನಿಧಾನಕ್ಕೆ ಓಡುತ್ತಾ ನಿಂತಿದ್ದರೆ ಒಂದು ಲೀಟರೂ ಬೇಡ. ಈಗ ನಿಮ್ಮ ಫಿಲ್ಟರ್ ಅರ್ಧ ಕಟ್ಟಿಕೊಂಡು ತಾಸಿಗೆ 2 ಲೀಟರ್ ಮಾತ್ರ ಬಿಡುತ್ತಿದೆ ಅಂದುಕೊಳ್ಳಿ. ಖಾಲಿ ಇದ್ದಾಗ ಅದು ಧಾರಾಳ. ಹಾಗಾಗಿ ಏನೂ ಗೊತ್ತಾಗುವುದಿಲ್ಲ. ಮಣ್ಣು ಪುಡಿ ಮಾಡುವ ರೋಟಾವೇಟರ್ ನೆಲಕ್ಕೆ ಇಳಿದ ಕೂಡಲೇ ಗವರ್ನರ್ ಇನ್ನಷ್ಟು ಕೇಳುತ್ತದೆ, ಆದರೆ ಬರುವುದು ಅಷ್ಟೇ. ಇಂಜಿನ್ ಕುಂದುತ್ತದೆ. ಅದಕ್ಕೇ ಶಕ್ತಿ ಕಡಿಮೆ ಆದ ಟ್ರ್ಯಾಕ್ಟರನ್ನು ಮನೆ ಮುಂದೆ ರೇಸ್ ಕೊಟ್ಟು ಪರೀಕ್ಷೆ ಮಾಡಿದರೆ ಉತ್ತರ ಸಿಗುವುದಿಲ್ಲ. ಭಾರ ಹಾಕಿಯೇ ನೋಡಬೇಕು.

ಇಂಜಿನ್‌ಗೆ ಬೇಕಾದ್ದು ಮೂರು: ಗಾಳಿ, ಡೀಸೆಲ್, ಒತ್ತಡ. ಇದರಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಮೇಲೇರಿ ಗಾಳಿಯನ್ನು ಹದಿನಾರರಿಂದ ಇಪ್ಪತ್ತನೇ ಒಂದು ಪಾಲಿಗೆ ಒತ್ತುತ್ತದೆ. ಸೈಕಲ್ ಪಂಪು ಹೊಡೆಯುವಾಗ ತುದಿ ಬಿಸಿ ಆಗುತ್ತದಲ್ವಾ, ಅದೇ ಇಲ್ಲೂ ಆಗುವುದು. ಇಲ್ಲಿ ಬಿಸಿ 500 ಡಿಗ್ರಿ ದಾಟುತ್ತದೆ. ಡೀಸೆಲ್ ತಾನಾಗಿ ಹೊತ್ತಿಕೊಳ್ಳಲು ಅದರ ಅರ್ಧ ಸಾಕು. ಆ ಕಾದ ಗಾಳಿಗೆ ನೋಜಲ್ ಮಂಜಿನಂತೆ ಡೀಸೆಲ್ ಚಿಮ್ಮಿಸುತ್ತದೆ.

ಇದನ್ನು ಕಂಡುಹಿಡಿದ ರುಡಾಲ್ಫ್ ಡೀಸೆಲ್ 1858ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದವರು. 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಅವರ ಇಂಜಿನ್ ಸರಿಯಾಗಿ ಓಡಿತು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದು ಸಣ್ಣ ಡೀಸೆಲ್ ಇಂಜಿನನ್ನು ಶೇಂಗಾ ಎಣ್ಣೆಯಲ್ಲಿ ಓಡಿಸಿ ತೋರಿಸಿದ್ದರು. ಶೇಂಗಾ ಬೆಳೆಯುವ ನಮ್ಮ ಜಿಲ್ಲೆಯವರಿಗೆ ಕೇಳಲು ಖುಷಿ ಕೊಡುವ ಸಂಗತಿ ಇದು. ಆದರೆ ಈಗಿನ ಪಂಪಿಗೆ, ನೋಜಲ್‌ಗೆ ಅಡುಗೆ ಎಣ್ಣೆ ಹಾಕಬೇಡಿ. ಅದು ಮಂದ. ನೋಜಲ್ ತುದಿಗೆ ಮಸಿ ಕಟ್ಟುತ್ತದೆ.

ಇಂಜಿನ್ನಿನದೇ ತಪ್ಪೋ?

ಪಾನಾ ಹಿಡಿಯುವ ಮೊದಲು ಇದನ್ನು ಖಚಿತ ಮಾಡಿಕೊಳ್ಳಿ. ಇಂಜಿನ್ ಸದ್ದು ಹಾಗೇ ಇದ್ದು ಗಾಡಿ ಮಾತ್ರ ನಿಧಾನ ಆದರೆ ಇಂಜಿನ್ ಸರಿ ಇದೆ. ಕ್ಲಚ್ ಜಾರುತ್ತಿದೆ, ಇಲ್ಲವೇ ಚಕ್ರ ಜಾರುತ್ತಿದೆ. ಕ್ಲಚ್ ಜಾರಿದರೆ ಸುಟ್ಟ ವಾಸನೆ ಬರುತ್ತದೆ. ಪೆಡಲ್‌ನಲ್ಲಿ ಸ್ವಲ್ಪ ಸಡಿಲ ಇರಲೇಬೇಕು. ಅದು ಪೂರ್ತಿ ಹೋಗಿದ್ದರೆ ಕ್ಲಚ್ ಅರ್ಧ ಒತ್ತಿಕೊಂಡೇ ಓಡುತ್ತಿದೆ ಅಂತ ಅರ್ಥ. ಬ್ರೇಕ್ ಹಿಡಿದುಕೊಂಡಿದ್ದರೆ ಆ ಬದಿಯ ಡ್ರಮ್ ಮುಟ್ಟಲಾಗದಷ್ಟು ಕಾದಿರುತ್ತದೆ. ಸಮತಟ್ಟಾದ ಜಾಗದಲ್ಲಿ ನ್ಯೂಟ್ರಲ್ ಮಾಡಿ ಇಬ್ಬರು ತಳ್ಳಿ ನೋಡಿ, ಸಣ್ಣ ಗಾಡಿ ಹಗುರಾಗಿ ಉರುಳಬೇಕು.

ಕೆಲಸವೇ ದೊಡ್ಡದಾಗಿರಬಹುದು. ನಮ್ಮ ಎರೆ ಮಣ್ಣು ಹಸಿ ಇದ್ದಾಗ ಅಂಟು, ಒಣಗಿದರೆ ಕಲ್ಲು. ಎರಡು ದಿನದ ಹದ ತಪ್ಪಿದರೂ ಅದೇ ರೋಟಾವೇಟರ್‌ಗೆ ಬೇಕಾಗುವ ಶಕ್ತಿ ಬಹಳ ಜಾಸ್ತಿ ಆಗುತ್ತದೆ. ಮೇಲಾಗಿ, 18 ಎಚ್‌ಪಿ ಅಂತ ಬರೆದ ಗಾಡಿಯಲ್ಲಿ ಪಿಟಿಒಗೆ, ಅಂದರೆ ಬ್ಲೋವರ್, ರೋಟಾವೇಟರ್ ತಿರುಗಿಸುವ ಹಿಂದಿನ ಶಾಫ್ಟಿಗೆ, ಅಷ್ಟೂ ಬರುವುದಿಲ್ಲ. ಹತ್ತರಲ್ಲಿ ಒಂದೂವರೆ ಪಾಲು ದಾರಿಯಲ್ಲೇ ಹೋಗುತ್ತದೆ. ಹೋದ ವರ್ಷ ಇದೇ ಹೊಲದಲ್ಲಿ, ಇದೇ ಹದದಲ್ಲಿ, ಇದೇ ಗೇರಿನಲ್ಲಿ ಎಳೆದಿತ್ತೇ? ಹೌದು ಅಂದರೆ ಮಾತ್ರ ಮುಂದೆ ಓದಿ.

ಇನ್ನು ಹತ್ತು ನಿಮಿಷದ ಕೆಲಸ ಒಂದು. ಇದನ್ನು ಬಹಳ ಜನ ನೋಡುವುದೇ ಇಲ್ಲ. ಬಾನೆಟ್ ಎತ್ತಿ, ಇಂಜಿನ್ ಬಂದ್ ಇರಲಿ. ಒಬ್ಬರು ರೇಸ್ ಹ್ಯಾಂಡಲ್ ಪೂರ್ತಿ ಎಳೆಯಲಿ, ಇನ್ನೊಬ್ಬರು ಪಂಪಿನ ಬಳಿ ಇರುವ ಲಿವರ್ ನೋಡಲಿ. ಅದು ಕೊನೆಯ ತಡೆ ಸ್ಕ್ರೂವಿಗೆ ಹೋಗಿ ತಾಗಬೇಕು. ತಾಗದಿದ್ದರೆ ಕೇಬಲ್ ಹಿಗ್ಗಿದೆ, ಇಲ್ಲವೇ ಕೀಲು ಸವೆದಿದೆ. ಆಮೇಲೆ ಬಂದ್ ಮಾಡುವ ನಾಬ್ ಎಳೆದು ಬಿಡಿ. ಅದರ ಲಿವರ್ ಪೂರ್ತಿ ವಾಪಸ್ ಬರುತ್ತದೆಯೇ? ಕೇಬಲ್‌ಗೆ ಧೂಳು, ತುಕ್ಕು ಹಿಡಿದು ಅದು ಅರ್ಧಕ್ಕೆ ನಿಂತರೆ, ಡೀಸೆಲ್ ಅರ್ಧ ಬಂದ್ ಆದ ಹಾಗೆಯೇ ಇಂಜಿನ್ ದಿನಗಟ್ಟಲೆ ಓಡುತ್ತದೆ. ನಾಲ್ಕು ಹನಿ ಎಣ್ಣೆ ಬಿಟ್ಟರೆ ಸರಿ ಹೋಗುತ್ತದೆ. ತಡೆ ಸ್ಕ್ರೂವಿಗೆ ತಂತಿ ಕಟ್ಟಿ ಸೀಲ್ ಮಾಡಿರುತ್ತಾರೆ. ಅದನ್ನು ಮಾತ್ರ ಮುಟ್ಟಬೇಡಿ.

ಹೊಗೆ ಏನು ಹೇಳುತ್ತದೆ

ಈಗ ಕಾಕಾ ಕೇಳಿದ ಪ್ರಶ್ನೆಗೆ ಬರೋಣ. ಒಬ್ಬರು ಗಾಡಿ ಓಡಿಸಲಿ, ಭಾರ ಬೀಳಲಿ. ನೀವು ಬದಿಯಲ್ಲಿ ನಿಂತು ಸೈಲೆನ್ಸರ್ ನೋಡಿ. ಇಂಜಿನ್ ಕುಂದುವ ಆ ಗಳಿಗೆಯಲ್ಲಿ ಬರುವ ಹೊಗೆಯೇ ಮುಖ್ಯ.

ಕರಿ ಹೊಗೆ ಬಂದರೆ ಡೀಸೆಲ್ ಬರುತ್ತಿದೆ, ಆದರೆ ಅದನ್ನು ಉರಿಸುವಷ್ಟು ಗಾಳಿ ಇಲ್ಲ. ಹಸಿ ಕಟ್ಟಿಗೆಯ ಒಲೆಗೆ ಊದುಗೊಳವೆ ಇಲ್ಲದ ಹಾಗೆ. ಏರ್ ಕ್ಲೀನರ್ ಕಟ್ಟಿರಬಹುದು, ಸೈಲೆನ್ಸರ್ ಕಟ್ಟಿರಬಹುದು, ನೋಜಲ್ ಮಂಜಿನಂತೆ ಬಿಡದೆ ಹನಿಹನಿಯಾಗಿ ಸುರಿಸುತ್ತಿರಬಹುದು, ಇಲ್ಲವೇ ಭಾರವೇ ಜಾಸ್ತಿ ಇರಬಹುದು. ಭಾರ ಬಿದ್ದ ಕೂಡಲೇ ಒಂದು ಸಲ ಸ್ವಲ್ಪ ಕರಿ ಬಂದು ತಿಳಿಯಾದರೆ ಚಿಂತೆ ಬೇಡ.

ಹೊಗೆಯೇ ಇಲ್ಲದೆ ಇಂಜಿನ್ ಕುಂದಿದರೆ ಡೀಸೆಲ್ ಸಾಲುತ್ತಿಲ್ಲ. ಇದು ನನಗೆ ಅತಿ ಉಪಯೋಗಕ್ಕೆ ಬಂದ ಗುರುತು. ನಮ್ಮ ಗಾಡಿಯದೂ ಹೀಗೇ ಇತ್ತು. ಕಾಕಾ ಕೇಳಿದ ಮೇಲೆ ಮತ್ತೆ ಓಡಿಸಿ ನೋಡಿದರೆ, ಸದ್ದು ಇಳಿಯುವಾಗ ಸೈಲೆನ್ಸರ್ ಬಾಯಲ್ಲಿ ಬಿಸಿ ಗಾಳಿಯ ನಡುಕ ಮಾತ್ರ ಕಾಣುತ್ತಿತ್ತು.

ನೀಲಿ ಹೊಗೆ ಅಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ಅಂದರೆ ಡೀಸೆಲ್ ಉರಿಯದೆ ಹೊರಗೆ ಬರುತ್ತಿದೆ, ಅಥವಾ ನೀರು ಸೇರಿದೆ. ಚಳಿಗಾಲದ ಬೆಳಗ್ಗೆ ಮೊದಲ ಕೆಲವು ನಿಮಿಷ ಬಿಳಿ ಬಂದರೆ ಸಹಜ. ಇಂಜಿನ್ ಕಾದ ಮೇಲೂ ಬಂದರೆ ನೋಡಬೇಕು.

ಡೀಸೆಲ್ ಬರುವ ದಾರಿ

ಟ್ಯಾಂಕ್, ಅದರ ಕೆಳಗಿನ ಕಾಕ್, ಪೈಪು, ಗಾಜಿನ ಬಟ್ಟಲು, ಫಿಲ್ಟರ್, ಪಂಪು, ನೋಜಲ್. ಕಾಲುವೆಯಲ್ಲಿ ನೀರು ಬರದಿದ್ದರೆ ನಾವು ಏನು ಮಾಡುತ್ತೇವೆ? ಗೇಟಿನಿಂದ ಹಿಡಿದು ಒಡ್ಡು ಒಡ್ಡಾಗಿ ನೋಡುತ್ತಾ ಬರುತ್ತೇವೆ. ಇಲ್ಲೂ ಹಾಗೇ ಟ್ಯಾಂಕಿನಿಂದ ಶುರು ಮಾಡಿ.

ಮೊದಲು ಟ್ಯಾಂಕಿನ ಮುಚ್ಚಳ. ಅದರಲ್ಲಿ ಗಾಳಿ ಆಡಲು ಸಣ್ಣ ತೂತು ಇರುತ್ತದೆ. ಧೂಳು ಕೂತು ಅದು ಮುಚ್ಚಿದರೆ, ಡೀಸೆಲ್ ಕೆಳಗೆ ಹೋದಂತೆ ಮೇಲೆ ಗಾಳಿ ಬರುವುದಿಲ್ಲ. ಮುಚ್ಚಿದ ಡಬ್ಬಿಯಿಂದ ಎಣ್ಣೆ ತಡೆದು ತಡೆದು ಬೀಳುವ ಹಾಗೆ ಆಗುತ್ತದೆ. ಲಕ್ಷಣವೂ ನಮ್ಮ ಗಾಡಿಯದೇ: ಅರ್ಧ ತಾಸು ಚೆನ್ನಾಗಿ ಓಡಿ ಕುಂದುತ್ತದೆ, ಬಿಟ್ಟರೆ ಸರಿಯಾಗುತ್ತದೆ. ಕುಂದುವ ಹೊತ್ತಿಗೆ ಮುಚ್ಚಳ ಸಡಿಲ ಮಾಡಿ. ಉಸ್ ಎಂದು ಗಾಳಿ ಒಳಗೆ ಹೋಗಿ ಇಂಜಿನ್ ಚೇತರಿಸಿಕೊಂಡರೆ ಕಳ್ಳ ಸಿಕ್ಕ. ನಾವೂ ಮೊದಲು ಇದನ್ನೇ ಮಾಡಿದೆವು. ನಮ್ಮಲ್ಲಿ ಏನೂ ಬದಲಾಗಲಿಲ್ಲ.

ಆಮೇಲೆ ಕಾಕಾ ಒಂದು ಚಹಾ ಕಪ್ಪು ತರಿಸಿದರು. ಟ್ಯಾಂಕ್ ಇಂಜಿನ್‌ಗಿಂತ ಮೇಲಿರುವ ಗಾಡಿಗಳಲ್ಲಿ ಈ ಪರೀಕ್ಷೆ ಬಹಳ ಚೆಂದ. ಫಿಲ್ಟರ್‌ಗೆ ಬರುವ ಪೈಪು ಬಿಡಿಸಿ, ಕೆಳಗೆ ಪಾತ್ರೆ ಹಿಡಿದು, ಕಾಕ್ ತೆರೆಯಿರಿ. ತಾಸಿಗೆ 4 ಲೀಟರ್ ಅಂದರೆ ನಿಮಿಷಕ್ಕೆ ಸುಮಾರು 70 ಮಿಲಿ ಲೀಟರ್. ಪಂಪಿಗೆ ಇದಕ್ಕಿಂತ ಸಾಕಷ್ಟು ಜಾಸ್ತಿಯೇ ಬರಬೇಕು, ಮಿಕ್ಕಿದ್ದು ವಾಪಸ್ ಹೋಗುತ್ತದೆ. ಒಂದು ನಿಮಿಷದಲ್ಲಿ ಒಂದು ಚಹಾ ಕಪ್ಪೂ ತುಂಬದಿದ್ದರೆ ಅಷ್ಟು ಡೀಸೆಲ್ ಸಾಲದು ಅಂತ ಕಣ್ಣಿಗೇ ಕಾಣುತ್ತದೆ. ಡೀಸೆಲ್ ಒಂದೇ ಧಾರೆಯಾಗಿ ಬೀಳಬೇಕು. ನಮ್ಮದು ಮೊದಲ ಎರಡು ಕಪ್ಪು ಜೋರಾಗಿ ಬಂತು. ಮೂರನೆಯದಕ್ಕೆ ಧಾರೆ ದಾರದಷ್ಟು ಸಣ್ಣದಾಯಿತು. ಕಾಕ್ ಮುಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೆರೆದರೆ ಮತ್ತೆ ಜೋರು.

ಟ್ಯಾಂಕ್ ಖಾಲಿ ಮಾಡಿ ಬ್ಯಾಟರಿ ಬೆಳಕು ಬಿಟ್ಟೆವು. ತಳದಲ್ಲಿ ಬೆಳ್ಳಿ ಬಣ್ಣದ ಒಂದು ಚೂರು ಹೊಳೆಯಿತು. ಇಂಜಿನ್ ಆಯಿಲ್ ಕ್ಯಾನಿನ ಬಾಯಿಗೆ ಅಂಟಿಸಿರುವ ತೆಳು ಹಾಳೆಯ ಸೀಲ್ ಅದು. ಖಾಲಿ ಆಯಿಲ್ ಕ್ಯಾನಿನಲ್ಲೇ ನಾವು ಬಂಕಿನಿಂದ ಡೀಸೆಲ್ ತರುತ್ತಿದ್ದೆವು. ಸುರಿಯುವಾಗ ಚೂರು ಒಳಗೆ ಬಿದ್ದಿತ್ತು. ಡೀಸೆಲ್ ಹರಿಯುವಾಗ ಅದು ತೇಲಿ ಬಂದು ತೂತಿನ ಮೇಲೆ ಮುಚ್ಚಳದಂತೆ ಕೂರುತ್ತಿತ್ತು. ಇಂಜಿನ್ ನಿಂತರೆ ಹರಿವು ನಿಂತು, ಚೂರು ಬದಿಗೆ ಸರಿಯುತ್ತಿತ್ತು. ಅದಕ್ಕೇ ಐದು ನಿಮಿಷ ಬಿಟ್ಟರೆ ಗಾಡಿ ಸರಿಹೋಗುತ್ತಿತ್ತು! ಇದನ್ನು ಕೈಯಲ್ಲಿ ಹಿಡಿದಾಗ ನನಗೆ ಸಿಟ್ಟಿಗಿಂತ ಸಮಾಧಾನವೇ ಹೆಚ್ಚಾಯಿತು. ಬೋರ್ ಸವೆದಿದ್ದರೆ ಐದು ನಿಮಿಷದ ವಿಶ್ರಾಂತಿಯಿಂದ ಅದು ಸರಿಹೋಗುವುದಿಲ್ಲ ಎಂದು ಆಗ ಹೊಳೆಯಿತು. ಬಂದು ಹೋಗುವ ತೊಂದರೆ ಇದ್ದರೆ ಮೊದಲು ಡೀಸೆಲ್ ದಾರಿ ನೋಡಿ.

ಕಾಕ್ ಕೆಳಗಿನ ಗಾಜಿನ ಬಟ್ಟಲಿನಲ್ಲಿ ನೀರು ತಳಕ್ಕೆ ಕೂತಿರುತ್ತದೆ, ಡೀಸೆಲ್ ಮೇಲೆ ನಿಂತಿರುತ್ತದೆ. ನಡುವಿನ ಗೆರೆ ಚೆನ್ನಾಗಿ ಕಾಣುತ್ತದೆ. ಅರ್ಧ ಖಾಲಿ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ಗಾಳಿಯ ತೇವ ನೀರಾಗಿ ಇಳಿಯುತ್ತದೆ. ಬ್ಯಾರಲ್‌ನಲ್ಲಿ ಡೀಸೆಲ್ ಇಟ್ಟುಕೊಳ್ಳುವವರಿಗೆ ಈ ಕಾಟ ಜಾಸ್ತಿ. ಸಂಜೆ ಕೆಲಸ ಮುಗಿದ ಮೇಲೆ ಟ್ಯಾಂಕ್ ತುಂಬಿಸಿ ನಿಲ್ಲಿಸುವುದು ಒಳ್ಳೆಯದು.

ಫಿಲ್ಟರ್ ಬದಲಿಸಲು ಗಾಡಿಯ ಪುಸ್ತಕದಲ್ಲಿ ಇಷ್ಟು ತಾಸಿಗೆ ಅಂತ ಬರೆದಿರುತ್ತಾರೆ. ಕ್ಯಾನಿನಿಂದ ಸುರಿಯುವವರು ಅದಕ್ಕೂ ಮೊದಲೇ ಬದಲಿಸಬೇಕು ಅಂತ ನನ್ನ ಅನಿಸಿಕೆ. ಕಾಗದದ ಫಿಲ್ಟರನ್ನು ಡೀಸೆಲ್‌ನಲ್ಲಿ ತೊಳೆದು ಮತ್ತೆ ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪಂಪಿನೊಳಗೆ ಡೀಸೆಲ್ ಒತ್ತುವ ಪ್ಲಂಜರ್ ಮತ್ತು ಅದರ ಕೊಳವೆ ನಡುವಿನ ಸಂದು ಎರಡು ಮೂರು ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪ ಅರವತ್ತು ಎಪ್ಪತ್ತು ಮೈಕ್ರಾನ್. ತೊಳೆದಾಗ ಹರಿದ ಕಾಗದದಿಂದ ನುಸುಳಿದ ಧೂಳು ಆ ಸಂದನ್ನು ಗೀರಿ ಹಾಳು ಮಾಡುತ್ತದೆ. ಪಂಪಿನ ರಿಪೇರಿಗೆ ಕೊಡುವ ದುಡ್ಡಿನಲ್ಲಿ ಎಷ್ಟೋ ಫಿಲ್ಟರ್ ಬರುತ್ತವೆ.

ಪೈಪು ಬಿಚ್ಚಿದ ಮೇಲೆ, ಫಿಲ್ಟರ್ ಬದಲಿಸಿದ ಮೇಲೆ ಒಳಗೆ ಏರ್ ಹಿಡಿಯುತ್ತದೆ. ಅದನ್ನು ತೆಗೆಯಬೇಕು. ಮೊದಲ ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲ ಮಾಡಿ, ಕೈಪಂಪು ಒತ್ತುತ್ತಾ ಇರಿ. ಮೊದಲು ಬುರುಬುರು ನೊರೆ ಬರುತ್ತದೆ, ಆಮೇಲೆ ಗುಳ್ಳೆ ಇಲ್ಲದ ತಿಳಿ ಡೀಸೆಲ್ ಬರುತ್ತದೆ. ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಿ. ಎರಡನೇ ಫಿಲ್ಟರ್ ಇದ್ದರೆ ಅದಕ್ಕೂ, ಕೊನೆಗೆ ಪಂಪಿನ ಸ್ಕ್ರೂವಿಗೂ ಹೀಗೇ. ಕೈಪಂಪು ಇಲ್ಲದ ಗಾಡಿಗಳಲ್ಲಿ ಟ್ಯಾಂಕಿನಿಂದ ತಾನಾಗಿ ಇಳಿಯುವ ಡೀಸೆಲ್ಲೇ ಏರ್ ಹೊರಗೆ ಹಾಕುತ್ತದೆ, ಸ್ವಲ್ಪ ತಾಳ್ಮೆ ಬೇಕು ಅಷ್ಟೆ. ಎರಡು ದಿನಕ್ಕೊಮ್ಮೆ ಮತ್ತೆ ಏರ್ ಹಿಡಿಯುತ್ತಿದ್ದರೆ ಎಲ್ಲೋ ಬಿರುಕು ಇದೆ. ಪಂಪು ಎಳೆದುಕೊಳ್ಳುವ ಬದಿಯ ಬಿರುಕಿನಿಂದ ಡೀಸೆಲ್ ಸೋರದೇ ಇರಬಹುದು. ಹೊರಗೆ ಒಣಗೇ ಕಾಣುತ್ತದೆ, ಒಳಗೆ ಗಾಳಿ ಎಳೆಯುತ್ತದೆ. ಹಳೆಯ ತಾಮ್ರದ ವಾಷರ್, ಬಿಸಿಲಿಗೆ ಸೆಟೆದ ರಬ್ಬರ್ ಪೈಪು ಸಾಮಾನ್ಯ ಜಾಗಗಳು. ಪಂಪಿಗೆ ಮೊದಲು ಒಂದು ಗೇಣು ಪಾರದರ್ಶಕ ಪೈಪು ಹಾಕಿ ಓಡಿಸಿದರೆ ಗುಳ್ಳೆ ಓಡುವುದು ಕಣ್ಣಿಗೆ ಬೀಳುತ್ತದೆ.

ಗಾಳಿಯ ಲೆಕ್ಕ

ಒಂದು ಲೀಟರ್ ಡೀಸೆಲ್ ಉರಿಯಲು ಎಷ್ಟು ಗಾಳಿ ಬೇಕು ಗೊತ್ತೇ? ಸುಮಾರು 10,000 ಲೀಟರ್. ಮನೆ ಮೇಲೆ ಇಡುವ ಸಾವಿರ ಲೀಟರಿನ ನೀರಿನ ಟ್ಯಾಂಕ್ ಇದೆಯಲ್ವಾ, ಅಂಥ ಹತ್ತು ಟ್ಯಾಂಕಿನಷ್ಟು ಗಾಳಿ. ಇನ್ನೊಂದು ಲೆಕ್ಕ ನೋಡಿ. 900 ಸಿಸಿ ಇಂಜಿನ್ 2,700 ಆರ್‌ಪಿಎಂನಲ್ಲಿ ಓಡಿದರೆ ಎರಡು ಸುತ್ತಿಗೊಮ್ಮೆ ಹೊಟ್ಟೆ ತುಂಬ ಗಾಳಿ ಎಳೆಯುತ್ತದೆ. ತಾಸಿಗೆ ಹತ್ತಿರ ಹತ್ತಿರ 70,000 ಲೀಟರ್ ಆಯಿತು. ರೋಟಾವೇಟರ್ ಎಬ್ಬಿಸಿದ ಎರೆ ಮಣ್ಣಿನ ಧೂಳಿನ ನಡುವೆ ಇಷ್ಟೂ ಗಾಳಿ ಒಂದು ಸಣ್ಣ ಏರ್ ಕ್ಲೀನರ್ ಮೂಲಕ ಹೋಗಬೇಕು. ಎರೆ ಮಣ್ಣು ಹಿಟ್ಟಿನಷ್ಟು ನುಣುಪು. ಮರಳಿನ ಹಾಗೆ ಕೆಳಗೆ ಬೀಳುವುದಿಲ್ಲ, ಗಾಳಿಯಲ್ಲೇ ನಿಲ್ಲುತ್ತದೆ.

ಆಯಿಲ್ ಇರುವ ಏರ್ ಕ್ಲೀನರ್ ಆದರೆ ಕೆಳಗಿನ ಬಟ್ಟಲು ಬಿಚ್ಚಿ ಬೆರಳು ಇಟ್ಟು ನೋಡಿ. ಬೇಸಿಗೆಯಲ್ಲಿ ಹರಗುವ ಕೆಲಸ ಮಾಡಿದ ವಾರಕ್ಕೆ ನಮ್ಮದರಲ್ಲಿ ಆಯಿಲ್ ಮಾಯವಾಗಿ, ಗ್ರೀಸಿನಂಥ ಕಪ್ಪು ರಾಡಿ ಕೂತಿತ್ತು. ಬೆರಳಿನ ಒಂದು ಗೆಣ್ಣು ಮುಳುಗಿತು. ಧೂಳಿನ ಕೆಲಸ ಇದ್ದಾಗ ದಿನಾ ನೋಡಬೇಕು. ರಾಡಿ ಕೆರೆದು, ಬಟ್ಟಲು ಡೀಸೆಲ್‌ನಲ್ಲಿ ತೊಳೆದು, ಗುರುತಿನವರೆಗೆ ಮಾತ್ರ ಆಯಿಲ್ ಹಾಕಿ. ಕಡಿಮೆ ಹಾಕಿದರೆ ಧೂಳು ದಾಟುತ್ತದೆ. ಜಾಸ್ತಿ ಹಾಕಿದರೆ ಇಂಜಿನ್ ಆ ಆಯಿಲನ್ನೇ ಎಳೆದು ಉರಿಸುತ್ತದೆ, ಕೈ ಮೀರಿ ಓಡಲೂಬಹುದು. ಕಾಗದದ ಫಿಲ್ಟರ್ ಆದರೆ ಒಳಗಿನಿಂದ ಹೊರಗೆ ಮೆಲ್ಲಗೆ ಗಾಳಿ ಹಿಡಿಯಿರಿ. ಚಕ್ರಕ್ಕೆ ಬಡಿದು ಜಾಡಿಸಬೇಡಿ.

ಏರ್ ಕ್ಲೀನರೇ ಕಾರಣವೋ ಅಂತ ತಿಳಿಯಲು, ಧೂಳಿಲ್ಲದ ಕಲ್ಲಿನ ಕಟ್ಟೆಯ ಹತ್ತಿರ ಗಾಡಿ ನಿಲ್ಲಿಸಿ, ಬ್ಲೋವರ್ ತಿರುಗಿಸಿಕೊಂಡು, ಒಂದೇ ಒಂದು ನಿಮಿಷ ಕ್ಲೀನರ್ ಪೈಪು ತೆಗೆದು ನೋಡಿ. ಪಿಟಿಒ ಶಾಫ್ಟ್ ಹತ್ತಿರ ಯಾರೂ ಇರಬಾರದು, ಟವಲ್ ಇಳಿಬಿಟ್ಟುಕೊಂಡು ಬಗ್ಗಬಾರದು. ಕರಿ ಹೊಗೆ ತಿಳಿಯಾಗಿ ಇಂಜಿನ್ ಏರಿದರೆ ಉತ್ತರ ಸಿಕ್ಕಿತು. ಏರದಿದ್ದರೆ ಸೈಲೆನ್ಸರ್ ಕಡೆ ನೋಡಿ. ತಿಂಗಳುಗಟ್ಟಲೆ ನಿಂತ ಗಾಡಿಯ ಸೈಲೆನ್ಸರ್‌ನಲ್ಲಿ ಕಣಜ ಗೂಡು ಕಟ್ಟಿದ್ದನ್ನು ನಾನೇ ಕಂಡಿದ್ದೇನೆ.

ಪೈಪು ಬಿಚ್ಚಿದಾಗ ಇನ್ನೊಂದು ಕೆಲಸ ಮಾಡಿ. ಕ್ಲೀನರ್ ದಾಟಿದ ಮೇಲಿನ ಪೈಪಿನ ಒಳಗೆ ಬೆರಳು ಹಾಕಿ ಸವರಿ. ಬೆರಳು ಸ್ವಚ್ಛ ಬರಬೇಕು. ಮಣ್ಣು ಹತ್ತಿದರೆ ಎಲ್ಲೋ ಕ್ಲಿಪ್ ಸಡಿಲ ಇದೆ ಅಥವಾ ರಬ್ಬರ್ ಸೀಳಿದೆ. ಆ ಮಣ್ಣು ಸೀದಾ ಸಿಲಿಂಡರ್‌ಗೆ ಹೋಗುತ್ತಿದೆ. ಅವತ್ತು ಶಕ್ತಿ ಕಡಿಮೆ ಆಗದಿರಬಹುದು, ಆದರೆ ಪಿಸ್ಟನ್ ಸುತ್ತಲಿನ ರಿಂಗ್‌ಗಳು ಸಾಣೆ ಹಿಡಿದಂತೆ ಸವೆಯುತ್ತಿರುತ್ತವೆ.

ಬಿಸಿಲಿಗೂ ಸ್ವಲ್ಪ ಪಾಲಿದೆ. 20 ಡಿಗ್ರಿಯ ಗಾಳಿಗಿಂತ 42 ಡಿಗ್ರಿಯ ಗಾಳಿ ನೂರಕ್ಕೆ ಏಳು ಪಾಲು ತೆಳು. ನಮ್ಮ ಏಪ್ರಿಲ್, ಮೇ ಮಧ್ಯಾಹ್ನ ಗಾಡಿ ಸ್ವಲ್ಪ ಮಂದ ಅನಿಸಿದರೆ ಅದು ರೋಗ ಅಲ್ಲ. ಆದರೆ ಇಂಜಿನ್ ಅತಿಯಾಗಿ ಕಾಯುತ್ತಿದ್ದರೆ ರೇಡಿಯೇಟರ್ ನೋಡಿ. ಔಷಧಿಯ ಮಂಜು, ಧೂಳು, ಹುಲ್ಲು ಸೇರಿ ಅದರ ಮೇಲೆ ಗಿಲಾವು ಮಾಡಿದ ಹಾಗೆ ಕೂತಿರುತ್ತದೆ. ಇಂಜಿನ್ ತಣಿದ ಮೇಲೆ ಒಳಬದಿಯಿಂದ ಹೊರಕ್ಕೆ ನೀರು ಬಿಟ್ಟು ತೊಳೆಯಿರಿ. ಫ್ಯಾನ್ ಬೆಲ್ಟ್ ಹೆಬ್ಬೆರಳಲ್ಲಿ ಒತ್ತಿದರೆ ಅರ್ಧ ಇಂಚಿಗಿಂತ ಜಾಸ್ತಿ ಬಗ್ಗಬಾರದು. ಕಾದ ರೇಡಿಯೇಟರ್ ಮುಚ್ಚಳ ಯಾವ ಕಾರಣಕ್ಕೂ ತೆಗೆಯಬೇಡಿ.

ಇಲ್ಲಿಂದ ಮುಂದೆ ಅಂಗಡಿಯ ಕೆಲಸ

ಡೀಸೆಲ್ ದಾರಿ, ಗಾಳಿ ದಾರಿ ಎರಡೂ ಸರಿ ಇದ್ದು ಗಾಡಿ ಎಳೆಯದಿದ್ದರೆ ನೋಜಲ್ ಕಡೆ ಹೋಗಬೇಕು. ಎರಡು ಮೂರು ಸಿಲಿಂಡರ್ ಇರುವ ಗಾಡಿಯಲ್ಲಿ ಯಾವುದು ಸೋತಿದೆ ಅಂತ ತಿಳಿಯಬಹುದು. ಇಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಮಿಸ್ತ್ರಿಗಳು ಒಂದೊಂದೇ ನೋಜಲ್ ಪೈಪಿನ ನಟ್ಟು ಸ್ವಲ್ಪ ಸಡಿಲ ಮಾಡುತ್ತಾರೆ. ಸದ್ದು ಬಿದ್ದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು. ಸದ್ದು ಬದಲಾಗದಿದ್ದರೆ ತೊಂದರೆ ಅಲ್ಲೇ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ನೋಜಲ್‌ನಿಂದ ಡೀಸೆಲ್ ಬರುವುದು 150ರಿಂದ 250 ಬಾರ್ ಒತ್ತಡದಲ್ಲಿ. ಟ್ರ್ಯಾಕ್ಟರ್ ಟೈರಿನ ಒತ್ತಡ ಒಂದೂವರೆ ಎರಡು ಬಾರ್ ಅಷ್ಟೆ. ಆ ಧಾರೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ಒಳಗೆ ಬೆರಳೇ ಹೋಗುವಷ್ಟು ಹಾನಿ ಆಗಬಹುದು. ನೋಜಲ್ ಮುಂದೆ, ಸೋರುವ ಹೈ ಪ್ರೆಶರ್ ಪೈಪಿನ ಮುಂದೆ ಕೈ ಹಿಡಿಯಬೇಡಿ. ಹಾಗೆ ಆಗಿಬಿಟ್ಟರೆ ಗಾಯ ಸಣ್ಣದು ಅಂತ ಮನೆಯಲ್ಲಿ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಿ, ಡೀಸೆಲ್ ಒಳಗೆ ಹೋಗಿದೆ ಅಂತ ಡಾಕ್ಟರಿಗೆ ಹೇಳಿ.

ನೋಜಲ್ ಬಿಚ್ಚಿಸಿ ಪಂಪಿನ ಅಂಗಡಿಗೆ ಒಯ್ದರೆ ಟೆಸ್ಟರ್‌ಗೆ ಹಾಕಿ ತೋರಿಸುತ್ತಾರೆ. ನಿಂತು ನೋಡಿ, ನೋಡಲು ಚೆಂದ ಇರುತ್ತದೆ. ಒಳ್ಳೆಯ ನೋಜಲ್ ಕರ್ ಕರ್ ಎಂದು ಸದ್ದು ಮಾಡುತ್ತಾ ಮಂಜು ಉಗುಳುತ್ತದೆ, ನಿಂತ ಮೇಲೆ ತುದಿ ಒಣಗಿರುತ್ತದೆ. ಕೆಟ್ಟದ್ದು ನಲ್ಲಿಯ ಹಾಗೆ ಧಾರೆ ಬಿಡುತ್ತದೆ, ತುದಿಯಲ್ಲಿ ಹನಿ ನೇತಾಡುತ್ತದೆ. ಪಂಪು ಬಿಚ್ಚಿ ಸೆಟ್ ಮಾಡುವುದೂ ಅಲ್ಲೇ, ಮರದ ನೆರಳಲ್ಲಿ ಅಲ್ಲ. ವಾಲ್ವ್ ತೆರೆಯುವ ಟ್ಯಾಪೆಟ್ಟಿನ ಸಂದು ಮಾತ್ರ ಊರಿನ ಮಿಸ್ತ್ರಿಯೇ ಫೀಲರ್ ಗೇಜ್ ಹಾಕಿ ಪುಸ್ತಕದಲ್ಲಿ ಹೇಳಿದಷ್ಟಕ್ಕೆ ಸರಿ ಮಾಡಬಹುದು. ಸಂದು ತೀರಾ ಕಡಿಮೆ ಆದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಒತ್ತಡ ಸೋರುತ್ತದೆ.

ಇಷ್ಟೆಲ್ಲಾ ಆದ ಮೇಲೆ ಉಳಿಯುವುದು ಬೋರ್. ಅದಕ್ಕೂ ಗುರುತುಗಳಿವೆ. ಬೆಳಗ್ಗೆ ಚಾಲು ಆಗಲು ತುಂಬಾ ಹೊತ್ತು ತಿರುಗಿಸಬೇಕು. ಆಯಿಲ್ ವಾರ ವಾರ ಕಡಿಮೆ ಆಗುತ್ತದೆ, ನೀಲಿ ಹೊಗೆ ಬರುತ್ತದೆ. ಇಂಜಿನ್ ನಿಧಾನಕ್ಕೆ ಓಡುವಾಗ ಆಯಿಲ್ ಹಾಕುವ ಮುಚ್ಚಳ ಹುಷಾರಾಗಿ ತೆಗೆದರೆ ಅಲ್ಲಿಂದ ಬುಸು ಬುಸು ಹೊಗೆ ಉಸಿರಾಡಿದಂತೆ ಬರುತ್ತದೆ. ರಿಂಗ್ ದಾಟಿ ಒತ್ತಡ ಕೆಳಗೆ ಇಳಿಯುತ್ತಿದೆ ಅಂತ ಅರ್ಥ. ಇವು ಎರಡು ಮೂರು ಒಟ್ಟಿಗೆ ಕಂಡರೆ ಕಂಪ್ರೆಶನ್ ಗೇಜ್ ಹಾಕಿಸಿ, ಅಂಕಿ ನೋಡಿಕೊಂಡು ಇಂಜಿನ್ ಇಳಿಸಿ. ಬೋರ್ ಸವೆತ ತಿಂಗಳುಗಟ್ಟಲೆ ಮೆಲ್ಲಗೆ ಬರುತ್ತದೆ. ಇದ್ದಕ್ಕಿದ್ದಂತೆ ಒಂದು ಬೆಳಗ್ಗೆ ಏಳನೇ ಸಾಲಿನಲ್ಲಿ ಬರುವುದಿಲ್ಲ.

ಬೋರ್ ಮಾಡಿಸುವವರು ಮಿಸ್ತ್ರಿಗೆ ಇನ್ನೊಂದು ಪ್ರಶ್ನೆ ಕೇಳಿ: ಇದು ಯಾಕೆ ಇಷ್ಟು ಬೇಗ ಸವೆಯಿತು? ಏರ್ ಕ್ಲೀನರ್‌ನಿಂದ ಇಂಜಿನ್‌ಗೆ ಹೋಗುವ ಆ ರಬ್ಬರ್ ಪೈಪನ್ನು ಕೈಗೆ ತೆಗೆದುಕೊಂಡು ಬಗ್ಗಿಸಿ, ಬಿಸಿಲಿಗೆ ಹಿಡಿದು ನೋಡಿ. ಮಡಿಕೆಯ ಸಂದಿಯಲ್ಲಿ ಬೆಳಕು ಕಂಡರೆ ಅದನ್ನೂ ಎರಡು ಕ್ಲಿಪ್‌ಗಳನ್ನೂ ಹೊಸದು ಹಾಕಿಸಿ. ಇಲ್ಲವಾದರೆ ಹೊಸ ರಿಂಗಿಗೂ ಅದೇ ಎರೆ ಮಣ್ಣು ಹೋಗುತ್ತದೆ.